ಅಟ್ಟದಿಂದ ಇಳಿಸಿದ ಗಾಳ: ಯಾವುದು ಹೊಳೆಗೆ, ಯಾವುದು ಗೋಡೆಗೆ?

ಪ್ರಶ್ನೆ: ಸಕಲೇಶಪುರದ ಹತ್ತಿರ ನಮ್ಮದು ಸಣ್ಣ ಕಾಫಿ ತೋಟ. ನಮ್ಮ ದೊಡ್ಡಪ್ಪ ಹೇಮಾವತಿಯಲ್ಲಿ ನಲವತ್ತು ವರ್ಷ ಗಾಳ ಹಾಕಿದವರು. ಮನೆ ರಿಪೇರಿಗೆಂದು ಅಟ್ಟ ಖಾಲಿ ಮಾಡಿಸುವಾಗ ಅವರ ಸಾಮಾನೆಲ್ಲ ಸಿಕ್ಕಿತು. ಅವರೇ ಕಡಿದು ಮಾಡಿದ 12 ಅಡಿಯ ಬಿದಿರ ಕೋಲು, ಹಿತ್ತಾಳೆ ಕೊಳವೆ ಸಿಕ್ಕಿಸಿ ಜೋಡಿಸುವ ಮೂರು ತುಂಡಿನ ಆರುಮೂಲೆಯ ಕೋಲು, ಮರ ಮತ್ತು ಹಿತ್ತಾಳೆಯ ಒಂದು ರೀಲು, ಹೊಗೆಸೊಪ್ಪಿನ ಡಬ್ಬಿ ತುಂಬ ಗಾಳ, ಎರಡು ಉಂಡೆ ತಂಗೂಸಿ (ನೈಲಾನ್) ದಾರ, ಮುಳ್ಳುಹಂದಿ ಮುಳ್ಳಿನ ಬೆಂಡುಗಳು, ಸೀಸದ ಗುಂಡು, ಹಿತ್ತಾಳೆ ಚಮಚ ಕತ್ತರಿಸಿ ಮಾಡಿದ ಒಂದು ಮಿಂಚು (ನೀರಲ್ಲಿ ಮಿನುಗಿ ಮೀನನ್ನು ಸೆಳೆಯುವ ತಗಡು). ಬಿದಿರಿನಿಂದ ಹಿಟ್ಟಿನಂಥ ಪುಡಿ ಉದುರುತ್ತಿದೆ. ಜೋಡಿಸುವ ಕೋಲಿನ ಒಂದು ಕೊಳವೆ ಕಚ್ಚಿಕೊಂಡಿದೆ. ರೀಲು ತಿರುಗುತ್ತಿಲ್ಲ, ಕೊಬ್ಬರಿ ಎಣ್ಣೆ ಬಿಡು ಅಂತ ಮಾವ ಹೇಳುತ್ತಾರೆ. ಹಳೇ ತಂಗೂಸಿ ಈಗಿನದಕ್ಕಿಂತ ಗಟ್ಟಿ ಅನ್ನುತ್ತಾರೆ, ನಿಜವೆ? ಬಿದಿರನ್ನು ಅಮಾವಾಸ್ಯೆಯಲ್ಲಿ ಕಡಿದಿದ್ದರೆ ಹುಳ ಹಿಡಿಯುತ್ತಿರಲಿಲ್ಲವಂತೆ, ಹೌದೆ? ಇದನ್ನೆಲ್ಲ ಹೊಳೆಗೆ ಒಯ್ಯಬಹುದೆ, ಅಥವಾ ಗೋಡೆಗೆ ತೂಗುಹಾಕಿ ಅಂಗಡಿಯ ಫೈಬರ್ ಕೋಲು ತರುವುದೇ ಮೇಲೆ?

ಉತ್ತರ: ಕೇಳಿರುವುದು ಹಲವು, ಚಿಂತೆ ಒಂದೇ: ದೊಡ್ಡಪ್ಪನ ಸಾಮಾನು ಹಾಳಾಗದಂತೆ ಬಳಸಬಹುದೆ ಎಂಬುದು. ಬಹುಪಾಲನ್ನು ಬಳಸಬಹುದು. ಆದರೆ ನಿಮ್ಮ ಅನುಮಾನ ತಲೆಕೆಳಗಾಗಿದೆ. ಬಿದಿರು, ಹಿತ್ತಾಳೆ ಕಂಡರೆ ನಿಮಗೆ ಭಯ, ದಾರ ಮತ್ತು ಗಾಳದ ಮೇಲೆ ನಂಬಿಕೆ. ಕೈಕೊಡುವುದು ಈ ಎರಡನೆಯ ಜೋಡಿಯೇ.

ಮೊದಲು ಒಂದು ಲೆಕ್ಕ ಮನಸ್ಸಿನಲ್ಲಿರಲಿ. ಎಂಥ ಗಾಳವಾದರೂ ಒಂದಲ್ಲ ಒಂದು ದಿನ ಎಲ್ಲೋ ಒಂದು ಕಡೆ ಕಡಿಯುತ್ತದೆ. ಹಳಬರ ಜಾಣತನವೆಂದರೆ ಎಲ್ಲಿ ಕಡಿಯಬೇಕು ಅನ್ನುವುದನ್ನು ಮನೆಯಲ್ಲೇ ಗೊತ್ತುಮಾಡಿಕೊಂಡು ಹೋಗುತ್ತಿದ್ದದ್ದು. ಕೋಲು ಎಲ್ಲಕ್ಕಿಂತ ಗಟ್ಟಿ, ಅದಕ್ಕಿಂತ ಒಂದು ಕೈ ಕಡಿಮೆ ರೀಲಿನ ದಾರ, ಇನ್ನೂ ಕಡಿಮೆ ಗಾಳಕ್ಕೆ ಕಟ್ಟುವ ಮೊಳದುದ್ದದ ತುದಿದಾರ, ಎಲ್ಲಕ್ಕಿಂತ ದುರ್ಬಲ ಸೀಸ ಅಥವಾ ಕಲ್ಲು ಕಟ್ಟಿದ ನೂಲು. ಈ ಕ್ರಮ ತಪ್ಪಿದರೆ ಗಾಳ ಬಂಡೆಗೆ ಸಿಕ್ಕಾಗ ಮುರಿಯುವುದು ಕೋಲಿನ ತುದಿ, ಇಲ್ಲವೆ ಮೀನಿನ ಬಾಯಲ್ಲಿ ಇಪ್ಪತ್ತು ಮೀಟರ್ ದಾರ ಉಳಿಯುತ್ತದೆ. ನೀವು ಅಟ್ಟದ ಸಾಮಾನನ್ನು ಹಾಗೇ ಜೋಡಿಸಿದರೆ ಆಗುವುದೂ ಅದೇ, ಏಕೆಂದರೆ ಈಗ ನಿಮ್ಮಲ್ಲಿ ಎಲ್ಲಕ್ಕಿಂತ ದುರ್ಬಲವಾಗಿರುವುದು ರೀಲಿನ ದಾರ.

ಹಾಗಾಗಿ ಎರಡೂ ಉಂಡೆಗಳನ್ನು ಬಿಸಾಡಿ. ಹಳೇ ತಂಗೂಸಿ ಗಟ್ಟಿ ಅನ್ನುವ ಮಾತು ಹುಟ್ಟಿದ್ದು ಅದರ ದಪ್ಪದಿಂದ. ಆಗಿನ ದಾರ ದಪ್ಪ ಇತ್ತು, ಬಿರುಸಾಗಿತ್ತು, ಅಷ್ಟೆ. ನೈಲಾನ್ ಬಿಸಿಲಿಗೆ, ಹಂಚಿನಡಿಯ ಸೆಕೆಗೆ ಒಳಗೊಳಗೇ ಹಳಸುತ್ತದೆ, ಹೊರಗೆ ಏನೂ ಕಾಣುವುದಿಲ್ಲ. ನೋಡಲೇಬೇಕೆಂದರೆ ತೋಟದಲ್ಲಿ ಕಾಫಿ ಹಣ್ಣು ತೂಗುವ ಸ್ಪ್ರಿಂಗ್ ತಕ್ಕಡಿಯ ಕೊಕ್ಕೆಗೆ ಗಂಟು ಹಾಕಿ, ಗಂಟನ್ನು ಒದ್ದೆ ಮಾಡಿ, ನಿಧಾನಕ್ಕೆ ಎಳೆಯಿರಿ. 0.40 ಮಿ.ಮೀ. ದಪ್ಪದ ಹೊಸ ದಾರ ಸುಮಾರು 9 ಕಿಲೋವರೆಗೆ ತಡೆಯುತ್ತದೆ. ಹಳೆಯದು ಅದರ ಅರ್ಧದಲ್ಲೇ ಗಂಟಿನ ಬುಡದಲ್ಲಿ ‘ಟಪ್’ ಅಂದರೆ ಆಶ್ಚರ್ಯಪಡಬೇಡಿ. ಬಿಸಾಡುವ ಮುಂಚೆ ಚಿಕ್ಕ ತುಂಡು ತುಂಡಾಗಿ ಕತ್ತರಿಸಿ. ಇಡೀ ಉಂಡೆ ಗದ್ದೆ ಬದುವಿಗೆ ಬಿದ್ದರೆ ಕೊಕ್ಕರೆಯ ಕಾಲಿಗೆ, ಹಸುವಿನ ಹೊಟ್ಟೆಗೆ ಹೋಗುತ್ತದೆ. ಹತ್ತಿ ಅಥವಾ ರೇಷ್ಮೆ ಹುರಿಯ ದಾರವೇನಾದರೂ ಸಿಕ್ಕಿದರೆ ಅದನ್ನು ನೆನಪಿಗೆ ಇಟ್ಟುಕೊಳ್ಳಿ. ಹಳಬರು ಹತ್ತಿ ದಾರವನ್ನು ತಂಗಡಿ ತೊಗಟೆ, ಕರಿಜಾಲಿ ತೊಗಟೆಯ ಕಷಾಯದಲ್ಲಿ ಅದ್ದಿ ಕೊಳೆಯದಂತೆ ಮಾಡುತ್ತಿದ್ದರು. ಒಗರು ನಾರಿಗೆ ಹಿಡಿದರೆ ಬೂಷ್ಟು ಬೇಗ ಹತ್ತುವುದಿಲ್ಲ. ಚರ್ಮ ಹದ ಮಾಡುವ ಕೆಲಸವೇ ಇಲ್ಲಿ ದಾರಕ್ಕೆ.

ಇನ್ನು ಪುಡಿ ಉದುರುವ ಬಿದಿರು. ಗುಂಡುಸೂಜಿ ತಲೆಯಷ್ಟು ತೂತು, ಕೆಳಗೆ ಮೈದಾದಂಥ ಪುಡಿ ಅಂದರೆ ಅದು ಕುಟ್ಟೆಹುಳ. ಅದಕ್ಕೆ ಬೇಕಾದ್ದು ಬಿದಿರಿನ ಒಳಗಿರುವ ಪಿಷ್ಟ. ಅಮಾವಾಸ್ಯೆಯ ಮಾತಿನ ಹಿಂದೆ ಇರುವ ಅನುಭವ ಸುಳ್ಳಲ್ಲ, ಕಾರಣ ಬೇರೆ. ಬಿದಿರು ವರ್ಷವಿಡೀ ಪಿಷ್ಟ ಕೂಡಿಡುವುದು ಮಳೆಗಾಲದಲ್ಲಿ ಕಳಲೆ ಎಬ್ಬಿಸಲಿಕ್ಕೆ. ಕಳಲೆ ಎದ್ದು ಬೆಳೆದ ಮೇಲೆ, ಅಂದರೆ ಮಳೆ ನಿಂತು ಕಾರ್ತಿಕ, ಮಾರ್ಗಶಿರದ ಹೊತ್ತಿಗೆ ಹಳೇ ಗಳು ಬಡವಾಗಿರುತ್ತದೆ. ಆಗ ಕಡಿದದ್ದಕ್ಕೆ ಹುಳ ಕಡಿಮೆ. ಬೇಸಿಗೆಯಲ್ಲಿ ಕಡಿದರೆ ಅದು ಹುಳಕ್ಕೆ ಬಡಿಸಿಟ್ಟ ಎಲೆ, ಅವತ್ತು ಯಾವ ತಿಥಿ ಇದ್ದರೂ ಅಷ್ಟೆ. ಗಳುವಿನ ವಯಸ್ಸೂ ಮುಖ್ಯ. 3–4 ವರ್ಷ ಆದದ್ದೇ ಆಗಬೇಕು: ಗೆಣ್ಣಿನ ಹಾಳೆ ಉದುರಿರುತ್ತದೆ, ಮೈಮೇಲೆ ಬೂದುಬಣ್ಣದ ಕಲೆ ಇರುತ್ತದೆ, ಕತ್ತಿಯ ಹಿಂಬದಿಯಿಂದ ತಟ್ಟಿದರೆ ಟಣ್ ಅನ್ನುತ್ತದೆ.

ನಿಮ್ಮ ಕೋಲನ್ನು ಬಿಳಿ ಹಾಳೆಯ ಮೇಲೆ ಹಿಡಿದು ಎಲ್ಲ ಗೆಣ್ಣಿನ ಹತ್ತಿರ ತಟ್ಟಿ, ಪುಡಿ ಒರೆಸಿ, ಒಂದು ವಾರ ಬಿಟ್ಟು ಮತ್ತೆ ತಟ್ಟಿ. ಹೊಸ ಪುಡಿ ಬಿದ್ದರೆ ಹುಳ ಒಳಗಿದೆ. ಇಂಜೆಕ್ಷನ್ ಸಿರಿಂಜಿನಲ್ಲಿ ಸೀಮೆಎಣ್ಣೆ ಅಥವಾ ಟರ್ಪೆಂಟೈನ್ ತುಂಬಿ ಒಂದೊಂದೇ ತೂತಿಗೆ ಬಿಟ್ಟು, ಕೋಲನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಒಂದು ವಾರ ಇಡಿ, ಒಲೆಯಿಂದ ದೂರ. ಆಮೇಲೆ ನೆರಳಲ್ಲಿ ಒಣಗಿಸಿ. ಹುಳ ಸತ್ತರೂ ಕೋಲಿನ ಬಲ ಮರಳಿ ಬರುವುದಿಲ್ಲ, ಹಾಗಾಗಿ ತೂಕದ ಪರೀಕ್ಷೆ ಬೇಕು. ಬುಡವನ್ನು ಕಟ್ಟೆಗೆ ಬಿಗಿದು ತುದಿಗೆ ಮೊದಲು 250 ಗ್ರಾಂ, ಆಮೇಲೆ ಅರ್ಧ ಕಿಲೋ ತೂಗುಹಾಕಿ. ಬಾಗು ಬುಡದಿಂದ ತುದಿಗೆ ಒಂದೇ ಸಮನೆ ಇಳಿಯಬೇಕು. ಒಂದು ಜಾಗದಲ್ಲಿ ಮೊಣಕೈ ಮಡಿಸಿದಂತೆ ಕಂಡರೆ, ಚಿಟಿಚಿಟಿ ಸದ್ದು ಬಂದರೆ, ಅಲ್ಲಿ ಟೊಳ್ಳಾಗಿದೆ ಎಂದೇ ಅರ್ಥ. ಆ ಕೋಲು ಗೋಡೆಗೆ.

ಎರಡು ಗೆಣ್ಣಿನ ನಡುವೆ ಉದ್ದಕ್ಕೆ ಸೀಳಿದ್ದರೆ ಮಾತ್ರ ಹೆದರಬೇಕಿಲ್ಲ, ಕಟ್ಟು ಹಾಕಿದರೆ ಸಾಕು. ಗಟ್ಟಿ ಹೊಲಿಗೆ ದಾರವನ್ನು ಸೀಳಿಗಿಂತ ಎರಡು ಬೆರಳು ಆಚೆಯಿಂದ ಶುರುಮಾಡಿ, ಸುತ್ತಿಗೆ ಸುತ್ತು ತಾಗುವಂತೆ ಬಿಗಿಯಾಗಿ ಸುತ್ತುತ್ತ ಬನ್ನಿ. ಕೊನೆಯ ಎಂಟು ಸುತ್ತು ಬಾಕಿ ಇರುವಾಗ ಬೇರೆ ದಾರದ ಒಂದು ಕುಣಿಕೆಯನ್ನು ಕೋಲಿನ ಮೇಲೆ ಮಲಗಿಸಿ, ಅದರ ಮೇಲೇ ಆ ಎಂಟು ಸುತ್ತು ಸುತ್ತಿ. ದಾರದ ತುದಿಯನ್ನು ಕುಣಿಕೆಗೆ ತೂರಿಸಿ ಕುಣಿಕೆಯನ್ನು ಸರ್ರನೆ ಎಳೆದರೆ ತುದಿ ಸುತ್ತಿನ ಅಡಿಗೆ ಹೋಗಿ ಕೂರುತ್ತದೆ, ಗಂಟೇ ಇರುವುದಿಲ್ಲ. ಮೇಲೆ ಎರಡು ಕೈ ವಾರ್ನಿಷ್. ಕರಾವಳಿಯಲ್ಲಿ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯುವ ರೂಢಿ ಇದೆ. ನೀರಿಗೂ ಹುಳಕ್ಕೂ ಅದು ಒಳ್ಳೆಯ ತಡೆ, ಆದರೆ ಚರ್ಮಕ್ಕೆ ತಾಗಿದರೆ ಬೊಬ್ಬೆ ಏಳುತ್ತದೆ. ಕೈಯಲ್ಲಿ ಹಿಡಿಯುವ ಭಾಗಕ್ಕೆ ಬೇಡವೇ ಬೇಡ.

ಹೊಸ ಕೋಲು ಮಾಡಿಕೊಳ್ಳುವುದಾದರೆ ತೋಟದ್ದೇ ಗಟ್ಟಿ ಕಿರುಬಿದಿರು ಆರಿಸಿ. ವಾಟೆ ಎಂಬ ಜಾತಿಯ ಬಿದಿರು ಹಗುರ, ನೇರ, ಆದರೆ ಅದರ ಗೋಡೆ ತೆಳು; ಕೈಯಗಲದ ಮೀನಿಗೆ ಸರಿ, ಕಾಟ್ಲಾದಂಥ ದೊಡ್ಡ ಮೀನು ಎಳೆದರೆ ಚಪ್ಪಟೆಯಾಗಿ ಒಡೆಯುತ್ತದೆ. ಕಡಿದದ್ದನ್ನು ಹರಿಯುವ ನೀರಲ್ಲಿ 3–4 ವಾರ ಮುಳುಗಿಸಿಟ್ಟರೆ ಸಿಹಿಯೂ ಪಿಷ್ಟವೂ ತೊಳೆದುಹೋಗುತ್ತವೆ. ವಾಸನೆ ಬರುತ್ತದೆ, ಬರಲಿ. ಆಮೇಲೆ ಸಣ್ಣ ತುದಿಗೆ ಕಲ್ಲು ಕಟ್ಟಿ ಕೊಟ್ಟಿಗೆಯ ನೆರಳಲ್ಲಿ ತೂಗುಹಾಕಿ. ಡೊಂಕಿರುವ ಗೆಣ್ಣನ್ನು ಕೆಂಡದ ಮೇಲೆ ತಿರುಗಿಸುತ್ತ ಕಾಯಿಸಿ. ಮೈಮೇಲೆ ಬೆವರಿನಂತೆ ಜಿಡ್ಡು ಮೂಡಿದ ಕ್ಷಣ ಬಗ್ಗಿಸಿ, ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚೇ ಬಗ್ಗಿಸಿ, ಒದ್ದೆ ಬಟ್ಟೆ ಸುತ್ತಿ ತಣಿಯುವತನಕ ಹಿಡಿದಿರಿ. ಒಂದು ಎಚ್ಚರಿಕೆ: ಒದ್ದೆಯಾದ ಬಿದಿರಿಗೂ ಕರೆಂಟು ಹರಿಯುತ್ತದೆ. 12 ಅಡಿ ಕೋಲು ಎತ್ತಿಕೊಂಡು ತೋಟದ ತಂತಿಯ ಕೆಳಗೆ ನಡೆಯಬೇಡಿ.

ಆರುಮೂಲೆಯ ಕೋಲು ಬೇರೆಯೇ ಜಾತಿ. ಬಿದಿರನ್ನು ಆರು ತ್ರಿಕೋನ ಪಟ್ಟಿಯಾಗಿ ಸೀಳಿ, ಅಂಟಿಸಿ ಮಾಡಿದ್ದು ಅದು. ಸಾಮಾನ್ಯವಾಗಿ ಚೀನಾದ ಟಾಂಕಿನ್ ಬಿದಿರು. ಇಂಥದ್ದರಲ್ಲಿ ಸೋಲುವುದು ಬಿದಿರಲ್ಲ, ಅಂಟು. ಎರಡನೇ ಮಹಾಯುದ್ಧಕ್ಕೆ ಮುಂಚಿನ ಕೋಲುಗಳಿಗೆ ಪ್ರಾಣಿಯ ಚರ್ಮ, ಮೂಳೆಯಿಂದ ಕಾಯಿಸಿದ ಅಂಟು ಹಾಕುತ್ತಿದ್ದರು. ನಮ್ಮ ಮಲೆನಾಡಿನ ಆಷಾಢದ ತೇವಕ್ಕೆ ಅದು ಬಿಡುತ್ತದೆ. ಉಗುರಿನಿಂದ ಉದ್ದಕ್ಕೂ ತಟ್ಟುತ್ತ ಬನ್ನಿ, ಸದ್ದು ಮಂಕಾದ ಕಡೆ ಪಟ್ಟಿ ಬಿಟ್ಟಿದೆ. ಒಂದೆರಡು ಅಂಗುಲ ಬಿಟ್ಟಿದ್ದರೆ ಅರಾಲ್ಡೈಟ್ ತೆಳುವಾಗಿ ಇಳಿಸಿ ದಾರ ಸುತ್ತಿ ಬಿಗಿಯಬಹುದು. ಅದಕ್ಕಿಂತ ಹೆಚ್ಚಾಗಿದ್ದರೆ ಕೈ ಹಾಕಬೇಡಿ, ಅದು ತಿಳಿದವರ ಕೆಲಸ.

ಕಚ್ಚಿಕೊಂಡ ಕೊಳವೆಯನ್ನು ತಿರುಚಬೇಡಿ. ಎರಡು ಕಡೆ ಇಬ್ಬರು ಹಿಡಿದು ಒಗೆದ ಬಟ್ಟೆ ಹಿಂಡುವ ಹಾಗೆ ತಿರುಚಿ ಕೋಲು ಮುರಿಯುವುದೇ ಇಲ್ಲಿ ಎಲ್ಲರೂ ಮಾಡುವ ತಪ್ಪು. ಹಿತ್ತಾಳೆ ಬಿಸಿಗೆ ಹಿಗ್ಗುತ್ತದೆ, ತಂಪಿಗೆ ಕುಗ್ಗುತ್ತದೆ. ಸಂದಿಗೆ ನಾಲ್ಕು ಹನಿ ಸೀಮೆಎಣ್ಣೆ ಬಿಟ್ಟು ಒಂದು ರಾತ್ರಿ ಇಡಿ. ಬೆಳಿಗ್ಗೆ ಒಳಕೊಳವೆಯ ಬುಡಕ್ಕೆ ಐಸ್ ಹಿಡಿದು, ಹೊರಕೊಳವೆಯ ಸೀಮೆಎಣ್ಣೆ ಒರೆಸಿ, ಅದಕ್ಕೆ ಬಿಸಿನೀರಲ್ಲಿ ಅದ್ದಿದ ಬಟ್ಟೆ ಸುತ್ತಿ. ಬೆಂಕಿ ತೋರಿಸಬೇಡಿ, ಒಳಗಿನ ಅಂಟು ಕರಗುತ್ತದೆ. ಆಮೇಲೆ ನೇರಕ್ಕೆ ಎಳೆಯಿರಿ. ಒಂದೇ ಸಲಕ್ಕೆ ಬರದಿದ್ದರೆ ಮಾರನೇ ದಿನ ಮತ್ತೆ.

ಅದೇ ಕೋಲಿನ ಉಂಗುರಗಳನ್ನೂ ನೋಡಿ. ತುದಿಯ ಉಂಗುರದೊಳಗೆ ಕೆಂಪುಬಿಳಿ ಕಲ್ಲು ಇದ್ದರೆ ಅದು ಅಗೇಟ್. ಕೂದಲೆಳೆಯಷ್ಟು ಬಿರುಕಿದ್ದರೂ ಹೊಸ ದಾರವನ್ನು ಬ್ಲೇಡಿನಂತೆ ಕೆರೆಯುತ್ತದೆ. ಕಣ್ಣಿಗೆ ಕಾಣದ ಇಂಥ ಬಿರುಕು ಹತ್ತಿಗೆ ಸಿಗುತ್ತದೆ: ದೀಪದ ಬತ್ತಿಯ ಹತ್ತಿಯನ್ನು ಪ್ರತಿ ಉಂಗುರದ ಒಳಸುತ್ತಿಗೂ ಉಜ್ಜಿ. ಎಳೆ ಸಿಕ್ಕಿಕೊಂಡರೆ ಆ ಉಂಗುರ ಬದಲಾಯಿಸಿ. ತಂತಿಯ ಉಂಗುರದಲ್ಲಿ ದಾರ ಹರಿದು ಹರಿದು ಗೀರು ಬಿದ್ದಿದ್ದರೂ ಅಷ್ಟೇ.

ಈಗ ರೀಲು. ನಿಮ್ಮ ಮಾವನವರಿಗೆ ಬೇಸರವಾಗದಂತೆ ಹೇಳಿ, ಕೊಬ್ಬರಿ ಎಣ್ಣೆ ಬೇಡ. ಅದು ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ; ಧನುರ್ಮಾಸದ ಬೆಳಗ್ಗೆ ಬಚ್ಚಲಿನ ಬಾಟಲಿಯಲ್ಲಿ ಏನಾಗುತ್ತದೋ ಅದೇ ರೀಲಿನೊಳಗೂ ಆಗುತ್ತದೆ. ಉಳಿದ ದಿನಗಳಲ್ಲಿ ಧೂಳು ಹೀರಿ ಅಂಟಾಗುತ್ತದೆ. ನಿಮ್ಮ ರೀಲು ಕಚ್ಚಿರುವುದೂ ಯಾವತ್ತೋ ಬಿಟ್ಟ ಎಣ್ಣೆಯ ಅಂಟಿನಿಂದಲೇ ಇರಬಹುದು. ಬಿಚ್ಚುವಾಗ ಹೆಜ್ಜೆಹೆಜ್ಜೆಗೂ ಮೊಬೈಲಿನಲ್ಲಿ ಫೋಟೊ ತೆಗೆಯಿರಿ, ಸ್ಕ್ರೂಗಳನ್ನು ಸ್ಟೀಲ್ ತಟ್ಟೆಯಲ್ಲಿ ಬಿಚ್ಚಿದ ಕ್ರಮದಲ್ಲೇ ಇಡಿ. ಹಳೇ ಸ್ಕ್ರೂಗಳ ಸೀಳು ಕಿರಿದು, ದಪ್ಪ ಸ್ಕ್ರೂಡ್ರೈವರ್ ಹಾಕಿದರೆ ತಲೆ ಹರಿಯುತ್ತದೆ. ಲೋಹದ ಭಾಗಗಳನ್ನು ಸೀಮೆಎಣ್ಣೆಯಲ್ಲಿ ನೆನೆಸಿ ಹಳೇ ಹಲ್ಲುಜ್ಜುವ ಬ್ರಶ್ಶಿನಲ್ಲಿ ತಿಕ್ಕಿ. ಮರದ ಗಾಲಿಯನ್ನು ನೆನೆಸಬೇಡಿ, ಒರೆಸಿ ಸಾಕು. ಹುಣಿಸೆಹಣ್ಣು ಹೊರಗಿನ ಹಿತ್ತಾಳೆಯ ಕಿಲುಬಿಗೆ ಮಾತ್ರ, ಸ್ಪ್ರಿಂಗಿಗೆ ತಾಗಿದರೆ ತುಕ್ಕು. ಕಟಕಟ ಸದ್ದು ಮಾಡುವ ಪುಟ್ಟ ನಾಲಿಗೆ ಒಂದು ಬದಿ ಸವೆದಿದ್ದರೆ ಅನೇಕ ರೀಲುಗಳಲ್ಲಿ ಅದನ್ನು ಮಗುಚಿ ಹಾಕಬಹುದು. ಅಚ್ಚಿಗೆ ಹೊಲಿಗೆ ಮಿಷನ್ನಿನ ಎಣ್ಣೆ ಎರಡು ಹನಿ, ಹಲ್ಲುಚಕ್ರ ಇದ್ದರೆ ಅದಕ್ಕೆ ಚೂರು ಗ್ರೀಸು.

ದಾರ ತುಂಬುವಾಗ ಒಂದು ಗುಟ್ಟಿದೆ. ನೈಲಾನ್ ಹಿಗ್ಗುವ ವಸ್ತು. ಎಳೆದು ಬಿಗಿಯಾಗಿ ಸುತ್ತಿದರೆ ಒಂದೊಂದು ಸುತ್ತೂ ಕುಗ್ಗಲು ನೋಡುತ್ತದೆ, ನೂರಾರು ಸುತ್ತು ಸೇರಿ ಒತ್ತಿದಾಗ ಮರದ ಗಾಲಿ ಸೀಳುತ್ತದೆ. ಹಾಗಾಗಿ ಅಡಿಯಲ್ಲಿ ಗಾಲಿಯ ಅರ್ಧದಷ್ಟು ಹತ್ತಿ ಹುರಿ ಸುತ್ತಿ, ಮೇಲೆ ಹೊಸ ದಾರವನ್ನು ಹದವಾಗಿ ಸುತ್ತಿ, ಅಂಚಿಗೆ 3 ಮಿ.ಮೀ. ಕೆಳಗೇ ನಿಲ್ಲಿಸಿ. ಇಂಥ ರೀಲಿಗೆ ಬ್ರೇಕು ಇರುವುದಿಲ್ಲ, ನಿಮ್ಮ ಅಂಗೈಯೇ ಬ್ರೇಕು. ಮೀನು ಓಡುವಾಗ ಹಿಡಿ ಹಿಡಿಯಲು ಹೋದರೆ ಬೆರಳ ಗೆಣ್ಣು ಒಡೆಯುತ್ತದೆ. ಗಾಲಿಯ ಅಂಚನ್ನು ಅಂಗೈಯಿಂದ ಸವರಿದಂತೆ ಒತ್ತಿ.

ಹಳೇ ಸಾಮಾನು ದೊಡ್ಡ ಮೀನಿಗೆ ತಡೆಯುವುದಿಲ್ಲ ಅನ್ನುವುದೂ ಸುಳ್ಳು. 1946ರಲ್ಲಿ ಕಬಿನಿಯಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಎಂಬ ಗಾಳಗಾರ ಹಿಡಿದ ಬಿಳಿಮೀನು (ಮಹಶೀರ್) 120 ಪೌಂಡ್, ಅಂದರೆ 54 ಕಿಲೋಗೂ ಹೆಚ್ಚು. ಕಾರ್ಬನ್ ಕೋಲು ಇನ್ನೂ ಹುಟ್ಟದ ಕಾಲ ಅದು.

ಹೊಗೆಸೊಪ್ಪಿನ ಡಬ್ಬಿಯನ್ನು ಹಳೇ ಟವೆಲಿನ ಮೇಲೆ ಸುರಿಯಿರಿ, ಕೈ ಹಾಕಿ ಕೆದಕಬೇಡಿ. ಮೇಲ್ಮೈ ತುಕ್ಕು ಒರೆಸಿದರೆ ಹೋಗುತ್ತದೆ. ಗುಳಿ ಬಿದ್ದ ತುಕ್ಕಿದ್ದರೆ ಆ ಗಾಳ ಬೇಡ. ಉಳಿದವನ್ನು ಒಂದೊಂದಾಗಿ ಮೆತ್ತನೆ ಮರಕ್ಕೆ ಚುಚ್ಚಿ ಇಕ್ಕಳದಲ್ಲಿ ಎಳೆಯಿರಿ. ಕಡ್ಡಿಯಂತೆ ಮುರಿದರೆ ಹದ ಹೆಚ್ಚಾಗಿದೆ, ನೆಟ್ಟಗಾದರೆ ಹದ ಸಾಲದು. ತುಸು ಬಾಗಿ ಮತ್ತೆ ತನ್ನ ಆಕಾರಕ್ಕೆ ಬಂದದ್ದೇ ಗಾಳ. ಮೊನೆಯನ್ನು ಹೆಬ್ಬೆರಳ ಉಗುರಿನ ಮೇಲೆ ಎಳೆದು ನೋಡಿ. ಜಾರಿದರೆ ಸಣ್ಣ ಅರದಿಂದ ಮೊನೆಯ ಕಡೆಗೇ ಮೂರು ಮುಖ ಉಜ್ಜಿ. ಕಣ್ಣಿಲ್ಲದ, ತಲೆ ಚಪ್ಪಟೆಯಾದ ಗಾಳಗಳಿದ್ದರೆ ದಾರವನ್ನು ಕಾಂಡಕ್ಕೆ 7–8 ಸುತ್ತು ಸುತ್ತಿ ಕಟ್ಟುವುದು ಪದ್ಧತಿ. ಯಾವ ಗಂಟಾದರೂ ಬಿಗಿಯುವ ಮುಂಚೆ ಎಂಜಲು ತಾಗಿಸಿ. ಒಣಗಂಟು ಉಜ್ಜಿ ಬಿಸಿಯಾದರೆ ದಾರದ ಬಲ ಅಲ್ಲೇ ಹೋಗುತ್ತದೆ. ನಂಬರು ಹೆಚ್ಚಾದಷ್ಟೂ ಗಾಳ ಚಿಕ್ಕದು ಅನ್ನುವುದು ನೆನಪಿರಲಿ: ಜಿಲೇಬಿ ಮೀನು (ತಿಲಾಪಿಯ), ಸಣ್ಣ ಗೆಂಡೆಗೆ 8–10, ಕಾಟ್ಲಾಗೆ 2–4. ಕೊರವ, ಬಾಳೆಮೀನಿಗೆ ಹಲ್ಲಿದೆ, ಸೈಕಲ್ ಬ್ರೇಕ್ ವೈರಿನ ಒಂದೆಳೆಯನ್ನು ಗೇಣುದ್ದ ನಡುವೆ ಕಟ್ಟದಿದ್ದರೆ ನೈಲಾನ್ ಉಳಿಯುವುದಿಲ್ಲ.

ಮುಳ್ಳುಹಂದಿ ಮುಳ್ಳಿಗಿಂತ ಒಳ್ಳೆಯ ಬೆಂಡು ಇಲ್ಲ. ಹಗುರ, ನೀರು ಕುಡಿಯುವುದಿಲ್ಲ, ಎರೆಹುಳುವನ್ನು ಮೀನು ಮೂಸಿದರೂ ತೋರಿಸುತ್ತದೆ. ಆದರೆ ಮುಳ್ಳುಹಂದಿ 1972ರ ವನ್ಯಜೀವಿ ಕಾಯ್ದೆಯಡಿ ರಕ್ಷಿತ ಪ್ರಾಣಿ. ಹೊಸದು ಸಂಗ್ರಹಿಸುವುದು, ಮಾರುವುದು, ಕೊಳ್ಳುವುದು ಬೇಡ. ಇರುವುದರ ಬಗ್ಗೆ ಅರಣ್ಯ ಇಲಾಖೆಯಲ್ಲಿ ಒಂದು ಮಾತು ಕೇಳಿಬಿಡಿ. ಬದಲಿಗೆ ಸವೆದ ಹವಾಯಿ ಚಪ್ಪಲಿ ಇದೆಯಲ್ಲ! ಕಿರುಬೆರಳು ದಪ್ಪ, 5–6 ಸೆಂ.ಮೀ. ಉದ್ದ ಕತ್ತರಿಸಿ, ಗೆಣಸಿನ ಆಕಾರಕ್ಕೆ ಮರಳುಕಾಗದದಲ್ಲಿ ಉಜ್ಜಿ, ನಡುವೆ ಬಿಸಿ ಸೂಜಿಯಿಂದ ತೂತು ಹೊಡೆದು 12 ಸೆಂ.ಮೀ. ಬಿದಿರ ಕಡ್ಡಿ ತೂರಿಸಿ. ಸೈಕಲ್ ವಾಲ್ ಟ್ಯೂಬಿನ ಎರಡು ತುಂಡು ದಾರಕ್ಕೆ ಪೋಣಿಸಿ ಕಡ್ಡಿಯ ಎರಡು ತುದಿಗೂ ಹಾಕಿದರೆ ಬೇಕಾದ ಆಳಕ್ಕೆ ಸರಿಸಿಕೊಳ್ಳಬಹುದು. ತೂಕವನ್ನು ಮನೆಯ ಬಕೆಟ್ಟಿನಲ್ಲೇ ಹೊಂದಿಸಿ: ತುದಿ 1 ಸೆಂ.ಮೀ. ಮಾತ್ರ ಮೇಲೆ ಉಳಿಯಬೇಕು. ಬೆಂಡು ಅರ್ಧ ಮೇಲಿದ್ದರೆ ಮೀನಿಗೆ ಎಳೆತ ಗೊತ್ತಾಗಿ ಎರೆ ಉಗುಳುತ್ತದೆ, ನಿಮಗೆ ಕಚ್ಚಿದ್ದೇ ತಿಳಿಯುವುದಿಲ್ಲ. ಥರ್ಮೋಕೋಲ್ ಬೇಡ, ಪುಡಿಯಾಗಿ ಹೊಳೆ ಸೇರುತ್ತದೆ.

ಸೀಸದ ಗುಂಡನ್ನು ಹಲ್ಲಿನಿಂದ ಕಚ್ಚಿ ಮುಚ್ಚುವ ಅಭ್ಯಾಸ ನಿಮಗಿದ್ದರೆ ಬಿಡಿ, ಸೀಸ ವಿಷ. ಕರಗಿಸಿ ಹೊಸದು ಎರೆಯುವ ಸಾಹಸವೂ ಬೇಡ. ಅಚ್ಚಿನಲ್ಲಿ ಒಂದು ಹನಿ ನೀರಿದ್ದರೂ ಅದು ಒಮ್ಮೆಗೇ ಆವಿಯಾಗಿ 327 ಡಿಗ್ರಿ ದಾಟಿದ ಸೀಸವನ್ನು ಮುಖಕ್ಕೆ ಚಿಮ್ಮಿಸುತ್ತದೆ. ಸಕಲೇಶಪುರದ ಸುತ್ತಿನ ಬಂಡೆಹೊಳೆಗೆ ಸೀಸಕ್ಕಿಂತ ಕಲ್ಲೇ ಮೇಲು. 50–80 ಗ್ರಾಮಿನ ಉದ್ದುದ್ದ ಹೊಳೆಗಲ್ಲಿಗೆ ಸೈಕಲ್ ಟ್ಯೂಬಿನ ಪಟ್ಟಿ ಬಿಗಿದು, ಅದನ್ನು ದಾರಕ್ಕೆ ಹಳೇ ಹೊಲಿಗೆ ನೂಲಿನಿಂದ ಕಟ್ಟಿ. ಸಿಕ್ಕಿಕೊಂಡಾಗ ನೂಲು ಕಡಿದು ಕಲ್ಲು ಹೊಳೆಯಲ್ಲೇ ಉಳಿಯುತ್ತದೆ, ಉಳಿದದ್ದೆಲ್ಲ ಕೈಗೆ ಬರುತ್ತದೆ. ಮೊದಲು ಹೇಳಿದ ಲೆಕ್ಕದ ಕೊನೆಯ ಕೊಂಡಿ ಇದೇ.

ಇಷ್ಟೆಲ್ಲ ಸರಿಮಾಡಿದರೂ ಒಂದು ಬದಲಾವಣೆಯನ್ನು ಒಪ್ಪಬೇಕು. ಹೇಮಾವತಿಗೆ ಅಡ್ಡಲಾಗಿ ಗೊರೂರಿನ ಅಣೆಕಟ್ಟು ಮುಗಿದದ್ದು 1979ರಲ್ಲಿ. ದೊಡ್ಡಪ್ಪನ ಈ ಸಾಮಾನಿನಲ್ಲಿ ಹೆಚ್ಚಿನದು ಹರಿಯುವ ಹೊಳೆಗೆ, ಬಂಡೆ ಮರೆಯ ಮಡುವಿಗೆ ಹೊಂದುವಂಥದ್ದು. ಶೆಟ್ಟಿಹಳ್ಳಿಯ ಮುಳುಗುವ ಚರ್ಚಿನ ಕಡೆಯ ಹಿನ್ನೀರಿಗೆ ಇದೇ ಕೋಲು ಹಿಡಿದು ಹೋದರೆ ಗಾಳ ಮೀನಿರುವ ದೂರಕ್ಕೆ ಮುಟ್ಟುವುದಿಲ್ಲ. ಅಲ್ಲಿ ನೀರು ನಿಂತಿದೆ, ಅಡಿಯಲ್ಲಿ ಕೆಸರು, ಹಳೇ ಮರದ ಬೊಡ್ಡೆ. ಮೀನೂ ಬಿತ್ತನೆಯ ಕಾಟ್ಲಾ, ರೋಹು, ಜೊತೆಗೆ ಜಿಲೇಬಿ, ದಡದಿಂದ ದೂರ. ಅಲ್ಲಿಗೆ 9–10 ಅಡಿಯ ಫೈಬರ್ ಕೋಲು, ದೂರ ಎಸೆಯುವ ಈಗಿನ ರೀಲು ತಂದುಕೊಳ್ಳಿ, ಅದರಲ್ಲಿ ನಾಚಿಕೆ ಏನಿಲ್ಲ. ಬಿದಿರ ಕೋಲು ಮೇಲಿನ ಹಳ್ಳಕ್ಕೆ, ತೋಟದ ಕೆರೆಗೆ. ಆರುಮೂಲೆಯದು ಪರೀಕ್ಷೆಯಲ್ಲಿ ಪಾಸಾದರೆ ಅರ್ಧ ಕಿಲೋ, ಒಂದು ಕಿಲೋ ಮೀನಿಗೆ ಇಟ್ಟುಕೊಳ್ಳಿ.

ಹಿತ್ತಾಳೆ ಮಿಂಚು ಇನ್ನೂ ಕೆಲಸ ಮಾಡುತ್ತದೆ, ಬೂದಿ ಹಾಕಿ ತಿಕ್ಕಿ. ಅದಕ್ಕೆ ಮೂರು ಮೊನೆಯ ಗಾಳ ಇದ್ದರೆ ಬಿಚ್ಚಿ, ಒಂದೇ ಮೊನೆಯದನ್ನು ಹಾಕಿ ಒಳಮುಳ್ಳನ್ನು ಇಕ್ಕಳದಿಂದ ಒತ್ತಿಬಿಡಿ. ಕಾರಣವಿದೆ: ಹೇಮಾವತಿ ಕಾವೇರಿಯ ಉಪನದಿ, ಕಾವೇರಿ ಕೊಳ್ಳ ಬಿಟ್ಟು ಬೇರೆಲ್ಲೂ ಸಹಜವಾಗಿ ಇಲ್ಲದ ಗೂನುಬೆನ್ನಿನ ಬಿಳಿಮೀನು 2018ರಿಂದ ಅಳಿವಿನ ಅಂಚಿನ ಕೆಂಪುಪಟ್ಟಿಯಲ್ಲಿದೆ. ಬಿಳಿಮೀನು ಕಚ್ಚಿದರೆ ಕೈ ಒದ್ದೆ ಮಾಡಿಕೊಂಡು, ನೀರಿನಿಂದ ಎತ್ತದೆ ಬಿಡಿಸಿ ಬಿಡಬೇಕು. ರಾಮನಾಥಪುರ, ಶೃಂಗೇರಿಯ ಮತ್ಸ್ಯಧಾಮಗಳಲ್ಲಿ, ಭದ್ರಾ ಅಭಯಾರಣ್ಯದ ಒಳಗೆ ಗಾಳ ಹಾಕುವಂತೆಯೇ ಇಲ್ಲ. ಜಲಾಶಯಗಳಲ್ಲಿ ಹಿಡಿಯುವ ಹಕ್ಕು ಪರವಾನಗಿ, ಗುತ್ತಿಗೆಯ ಮೇಲಿರುತ್ತದೆ, ಮೀನುಗಾರಿಕೆ ಇಲಾಖೆಯ ತಾಲ್ಲೂಕು ಕಚೇರಿಯಲ್ಲಿ ವಿಚಾರಿಸಿಯೇ ಹೋಗಿ. ಮುಂಗಾರಿನ ಮೊದಲ ಕೆಂಪುನೀರಿಗೆ ಹತ್ತುಮೀನು ಮೊಟ್ಟೆ ತುಂಬಿಕೊಂಡು ಮೇಲೇರುವ ದಿನಗಳಲ್ಲಿ ಗಾಳವೂ ಬೇಡ, ಕೂಳಿಯೂ (ಮೀನು ಹಿಡಿಯುವ ಬಿದಿರ ಬುಟ್ಟಿ) ಬೇಡ. ಆ ಎರಡು ತಿಂಗಳು ಆರುಮೂಲೆಯ ಕೋಲನ್ನು ಒದ್ದೆ ಚೀಲದಲ್ಲಿಡದೆ, ಗೋಡೆಗೂ ಆನಿಸದೆ, ಒಲೆಮನೆಯ ಪಕ್ಕದ ಒಣ ಕೋಣೆಯಲ್ಲಿ ತುದಿಯ ಉಂಗುರದಿಂದ ನೇರವಾಗಿ ಇಳಿಬಿಡಿ. ಆನಿಸಿಟ್ಟ ಕೋಲು ಅದೇ ಡೊಂಕಿಗೆ ನಿಲ್ಲುತ್ತದೆ.